ಬೆನ್ನುನೋವಿನೊಡನೆ ಬಾಳುವ ಬಗೆ

(ಶಾಖಾಮಠದ ವಾರ್ಷಿಕೋತ್ಸವದ ಅಂಗವಾಗಿ ನಡೆದ ಆರೋಗ್ಯಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತರೂಪ)



ವಿದ್ವಾಂಸರ ಪ್ರವಚನಗಳು ನಡೆಯುವ ಈ ಸಭಾಂಗಣದಲ್ಲಿ ಶರೀರದ ಒಂದು ಬಾಧೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ವ್ಯವಸ್ಥಾಪಕರು ಅಪೇಕ್ಷಿಸಿದ್ದಾರೆ. ಈ ಅಪೇಕ್ಷೆ ಸಕಾಲಿಕವಾದುದು. ಗೋಡೆಯ ಪಕ್ಕದ ಕುರ್ಚಿಗಳ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಅಲ್ಲಿ ಕುಳಿತವರೆಲ್ಲರೂ ವೃದ್ಧರಲ್ಲ. ಮುಂಬಯಿಯಂಥ ನಗರದಲ್ಲಿ ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡಿ, ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು, ರಾತ್ರಿ ಮನೆ ಸೇರುವ ತರುಣರೂ ಅಲ್ಲಿದ್ದಾರೆ.

ಬೆನ್ನುನೋವು ನಮ್ಮ ನಗರಕ್ಕೆ ಮಾತ್ರ ಸೀಮಿತವಾದ ಕಷ್ಟವಲ್ಲ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರು ಸೊಂಟದ ಭಾಗದ ಬೆನ್ನುನೋವಿನಿಂದ ಬಳಲುತ್ತಿದ್ದರು. 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿಗೆ ಏರಬಹುದೆಂದು ತಜ್ಞರು ಅಂದಾಜು ಮಾಡಿದ್ದಾರೆ. ಮೂರು ತಿಂಗಳು ಮೀರಿ ಉಳಿಯುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲದ ನೋವು ಎಂದು ಕರೆಯುತ್ತದೆ. ಇಂದು ನನ್ನ ವಿಷಯ ಅದೇ.

ಮೊದಲು ಬೆನ್ನಿನ ರಚನೆಯನ್ನು ಸ್ವಲ್ಪ ತಿಳಿಯೋಣ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಚಲಿಸಬಲ್ಲ 24 ಮೂಳೆಗಳು ಒಂದರ ಮೇಲೊಂದು ಕುಳಿತಿವೆ. ಅವುಗಳ ನಡುವೆ ಮೆತ್ತೆಯಂತಿರುವುದೇ ಡಿಸ್ಕ್. ಇಡೀ ಕಂಬವನ್ನು ಸ್ನಾಯುಗಳು ಎಲ್ಲ ಕಡೆಯಿಂದಲೂ ಹಿಡಿದು ನಿಲ್ಲಿಸಿವೆ. ಬಾಗಲು, ತಿರುಗಲು, ಭಾರ ಹೊರಲು ಯೋಗ್ಯವಾಗಿ ನಿರ್ಮಿತವಾದ ಗಟ್ಟಿ ಅಂಗವಿದು. ತಾಗಿದರೆ ಒಡೆಯುವ ಗಾಜಿನ ಪಾತ್ರೆಯೆಂದು ಇದನ್ನು ಭಾವಿಸಬಾರದು.

ಆದರೆ ಎಂ.ಆರ್.ಐ. ವರದಿ ಕೈಗೆ ಬಂದೊಡನೆ ಅನೇಕರು ಹಾಗೆಯೇ ಭಾವಿಸುತ್ತಾರೆ. "ಡಿಸ್ಕ್ ಸವೆದಿದೆ", "ಡಿಸ್ಕ್ ಉಬ್ಬಿದೆ" ಎಂಬ ಮಾತುಗಳನ್ನು ಓದಿ, ತಮ್ಮ ಬಾಳು ಮುಗಿಯಿತೆಂದು ಕಂಗೆಡುತ್ತಾರೆ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಚಿತ್ರಗಳ ವಿವರಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ನೋವಿಲ್ಲದ ಐವತ್ತು ವರ್ಷದವರಲ್ಲಿ ನೂರಕ್ಕೆ 80 ಜನರ ಡಿಸ್ಕ್ ಸವೆದಿತ್ತು, 60 ಜನರ ಡಿಸ್ಕ್ ಉಬ್ಬಿತ್ತು. ಕೂದಲು ನರೆಯುವಂತೆ ಇದೂ ಬಹುಮಟ್ಟಿಗೆ ವಯೋಧರ್ಮ. ವರದಿಯನ್ನು ವೈದ್ಯರು ರೋಗಿಯ ಶರೀರದೊಡನೆ ಹೋಲಿಸಿ ಓದಬೇಕಲ್ಲದೆ, ನಾವು ಅದನ್ನು ಮಾತ್ರ ಓದಿ ಹೆದರಬಾರದು.

ಹಾಗೆಂದು ಎಲ್ಲ ನೋವನ್ನೂ ಉದಾಸೀನ ಮಾಡುವಂತಿಲ್ಲ. ಮಲಮೂತ್ರಗಳ ಮೇಲಿನ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ತೊಡೆಗಳ ಸಂದಿಯಲ್ಲಿ ಸ್ಪರ್ಶಜ್ಞಾನ ಕುಂದುವುದು, ಕಾಲಿನ ಬಲ ಇಳಿಯುತ್ತ ಹೋಗುವುದು, ಇವುಗಳಲ್ಲಿ ಯಾವುದೇ ಕಂಡರೂ ಅಂದೇ ಆಸ್ಪತ್ರೆಗೆ ಧಾವಿಸಬೇಕು. ನೋವಿನೊಡನೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮೂಳೆ ಟೊಳ್ಳಾದ ವೃದ್ಧೆಯರಲ್ಲಿ ಸಣ್ಣದಾಗಿ ಜಾರಿ ಬಿದ್ದರೂ ಬೆನ್ನಿನ ಮೂಳೆ ಕುಸಿಯಬಹುದು. ಇನ್ನು ನಲವತ್ತರೊಳಗಿನವರಿಗೆ ಬೆಳಗ್ಗೆ ಅರ್ಧ ಗಂಟೆಗೂ ಹೆಚ್ಚು ಕಾಲ ಬೆನ್ನು ಸೆಟೆದುಕೊಂಡು, ಓಡಾಡಿದರೆ ಸಡಿಲಾಗಿ, ಮಲಗಿದರೆ ಹೆಚ್ಚುವಂತಿದ್ದರೆ ಅದು ಸಂಧಿವಾತದ ಒಂದು ಬಗೆಯಿರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ.

ಇಂಥ ನಿರ್ದಿಷ್ಟ ಕಾರಣ ಸಿಗುವುದು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಉಳಿದ ಒಂಬತ್ತು ಜನರ ಪಾಡೇನು? "ಏನೂ ದೋಷವಿಲ್ಲ" ಎಂದು ವೈದ್ಯರು ಹೇಳಿದಾಗ, ತಮ್ಮ ನೋವನ್ನೇ ಸುಳ್ಳೆಂದರೇನೋ ಎಂದು ಅವರು ನೊಂದುಕೊಳ್ಳುತ್ತಾರೆ. ನೋವು ಸುಳ್ಳಲ್ಲ. ಶರೀರಕ್ಕೆ ಅಪಾಯ ಒದಗಿದಾಗ ಎಚ್ಚರಿಸುವ ನರಮಂಡಲವು ದೀರ್ಘಕಾಲದ ನೋವಿನಲ್ಲಿ ಅತಿ ಎಚ್ಚರಗೊಂಡಿರುತ್ತದೆ. ಒಮ್ಮೆ ಕಳ್ಳನನ್ನು ಕಂಡು ಬೆದರಿದ ಕಾವಲುಗಾರ ಮರುದಿನ ಹಾಲಿನವನನ್ನು ಕಂಡರೂ ಕೂಗಿಕೊಳ್ಳುವಂತೆ, ಗಾಯ ಮಾಗಿದ ಮೇಲೂ ಅದು ಸಣ್ಣ ಚಲನೆಗೆಲ್ಲ ನೋವಿನ ಕೂಗೆಬ್ಬಿಸುತ್ತದೆ. ನಿದ್ರೆ ಕೆಟ್ಟಾಗ, ಚಿಂತೆ ಹೆಚ್ಚಿದಾಗ ಈ ಕೂಗು ಜೋರಾಗುತ್ತದೆ. ಆದ್ದರಿಂದ ನೋವಾಯಿತೆಂದರೆ ಹಾನಿಯಾಯಿತೆಂದೇ ಅರ್ಥವಲ್ಲ. ನಾನು ಇಂದು ಹೇಳಬೇಕಾಗಿರುವ ಮುಖ್ಯವಾದ ಮಾತು ಇದೊಂದೇ.

ಈ ಮಾತು ಮನಸ್ಸಿಗೆ ಬಂದರೆ ಮುಂದಿನ ದಾರಿ ತಾನಾಗಿಯೇ ತೆರೆಯುತ್ತದೆ. ಬೆನ್ನು ಹಿಡಿದವರನ್ನು ಹಾಸಿಗೆಯಲ್ಲಿ ಮಲಗಿಸುವುದು ನಮ್ಮ ಹಳೆಯ ರೂಢಿ. ಹೊಸದಾಗಿ ನೋವು ಬಂದವರನ್ನು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಸಿಗೆ ಹಿಡಿದವರಿಗಿಂತ ಸಾಧ್ಯವಾದಷ್ಟು ನಿತ್ಯದ ಕೆಲಸ ಮಾಡುತ್ತಿದ್ದವರೇ ಬೇಗ ಚೇತರಿಸಿಕೊಂಡರು. ಆಸ್ಟ್ರೇಲಿಯಾದಲ್ಲಿ, ನೋವು ಬಂದು ಗುಣವಾಗಿದ್ದ 701 ಜನರ ಮೇಲೆ ನಡೆದ ಅಧ್ಯಯನವು 2024ರಲ್ಲಿ ಪ್ರಕಟವಾಯಿತು. ತಿಳಿವಳಿಕೆ ಪಡೆದು, ಕ್ರಮೇಣ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ನಡೆಯುವ ಗುರಿಯಿಟ್ಟುಕೊಂಡವರಲ್ಲಿ ಅರ್ಧದಷ್ಟು ಜನರಿಗೆ ನೋವು ಮರುಕಳಿಸಲು 208 ದಿನ ಹಿಡಿಯಿತು. ಉಳಿದವರಲ್ಲಿ 112 ದಿನ. ಇದಕ್ಕೆ ಬೇಕಾದ ಸಲಕರಣೆ ಒಂದು ಜೊತೆ ಒಳ್ಳೆಯ ಪಾದರಕ್ಷೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ವ್ಯಾಯಾಮ, ತಿಳಿವಳಿಕೆ, ಮನಸ್ಸಿಗೆ ಧೈರ್ಯ ಕೊಡುವ ಚಿಕಿತ್ಸೆಗಳಿಗೆ ಮನ್ನಣೆ ನೀಡಿದೆ. ಸೊಂಟದ ಬೆಲ್ಟು ಮತ್ತು ಟ್ರ್ಯಾಕ್ಷನ್ ವಾಡಿಕೆಯಾಗಿ ಬೇಡವೆಂದಿದೆ. ಗಟ್ಟಿ ಹಲಗೆಯ ಮೇಲೆಯೇ ಮಲಗಬೇಕೆಂಬ ನಂಬಿಕೆಗೂ ಆಧಾರವಿಲ್ಲ. 2003ರ ಒಂದು ಅಧ್ಯಯನದಲ್ಲಿ ಬಹಳ ಗಟ್ಟಿಯಾದ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಹೆಚ್ಚು ಹಿತವೆಂದು ಕಂಡುಬಂದಿತು.

ಆದರೆ ಚಲನೆಗೂ ಒಂದು ಹದವಿದೆ. ನೋವು ಕಡಿಮೆಯಾದ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಿ, ಮುಂದಿನ ಮೂರು ದಿನ ಮಲಗುವವರು ಬಹಳ. ಇಪ್ಪತ್ತು ನಿಮಿಷ ಕುಳಿತರೆ ನೋವೇಳುವುದಾದರೆ ಹದಿನೈದು ನಿಮಿಷಕ್ಕೇ ಎದ್ದು ಓಡಾಡಿ. ವಾರಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಿ. ಒಳ್ಳೆಯ ದಿನವಾದರೂ ಕೆಟ್ಟ ದಿನವಾದರೂ ಅಳತೆ ಒಂದೇ ಇರಲಿ. ಮಡಿಯಲ್ಲಿ ಎರಡು ಮೂರು ಗಂಟೆ ನಿಂತು ಅಡುಗೆ ಮಾಡುವ ತಾಯಂದಿರು ಒಂದು ಗಿಡ್ಡ ಮಣೆಯ ಮೇಲೆ ಒಂದೊಂದು ಪಾದವನ್ನು ಸರದಿಯಂತೆ ಇರಿಸಬಹುದು. ತುಂಬಿದ ಕೊಡವೊಂದರ ಬದಲು ಅರ್ಧ ತುಂಬಿದ ಎರಡನ್ನು ಬೇರೆ ಬೇರೆಯಾಗಿ ಎತ್ತಬಹುದು. ಹೋಳಿಗೆ ಲಟ್ಟಿಸುವ ಕೆಲಸವನ್ನು ನಡುವೆ ಎದ್ದು ಎರಡು ಕಂತು ಮಾಡಬಹುದು.

ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ಎಚ್ಚರಿಕೆಯಿದೆ. ಉರಿಯೂತವನ್ನು ತಗ್ಗಿಸುವ ನೋವಿನ ಮಾತ್ರೆಗಳನ್ನು ಬರಿಹೊಟ್ಟೆಯಲ್ಲಿ ಸೇವಿಸಿದರೆ ಜಠರಕ್ಕೆ ತೊಂದರೆ. ನೀರೂ ಇಲ್ಲದೆ ಸೇವಿಸಿದರೆ ಮೂತ್ರಪಿಂಡಗಳಿಗೂ ಅಪಾಯ. ಏಕಾದಶಿಯ ನಿರ್ಜಲ ಉಪವಾಸ ಮತ್ತು ಈ ಮಾತ್ರೆ ಒಂದೇ ದಿನ ಕೂಡಬಾರದು. ವೃದ್ಧರು, ರಕ್ತದೊತ್ತಡ, ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ಉಪವಾಸದ ವಿಷಯವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಿ ಅವರ ಸಲಹೆಯಂತೆ ನಡೆಯಬೇಕು.

ಕೊನೆಯದಾಗಿ ಕುಟುಂಬದವರಿಗೆ ಎರಡು ಮಾತು. ಮನೆಯ ಯಜಮಾನರಿಗೆ ಸೊಂಟ ಹಿಡಿದರೆ ಅದು ಕಾಯಿಲೆ. ಸೊಸೆಗೆ ಹಿಡಿದರೆ ಅದು ಆಲಸ್ಯ. ಇಂಥ ತಾರತಮ್ಯ ಎಷ್ಟೋ ಮನೆಗಳಲ್ಲಿದೆ. ಕಣ್ಣಿಗೆ ಕಾಣದ ನೋವನ್ನು ನಂಬದಿರುವುದು ಅದನ್ನು ಇಮ್ಮಡಿಗೊಳಿಸಿದಂತೆಯೇ. ಇದಕ್ಕೆ ವಿರುದ್ಧವಾಗಿ, ಅತ್ತೆಯವರಿಗೆ ನೋವೆಂದು ಒಂದು ಲೋಟವನ್ನೂ ಎತ್ತಗೊಡದಿರುವುದೂ ಉಪಕಾರವಲ್ಲ. ಅದರಿಂದ ಸ್ನಾಯುಗಳ ಜೊತೆಗೆ ಮನಸ್ಸೂ ಸೊರಗುತ್ತದೆ. ಅವರ ನೋವನ್ನು ನಂಬಿ. ಅವರ ಕೆಲಸವನ್ನು ಅವರಿಗೆ ಬಿಟ್ಟುಕೊಡಿ. ಭಾರವಾದಲ್ಲಿ ಮಾತ್ರ ಕೈಗೂಡಿಸಿ.

ಕುರ್ಚಿಯಲ್ಲಿ ಕುಳಿತು ಪ್ರವಚನ ಕೇಳಲು, ನಿಂತೇ ಕೈಮುಗಿಯಲು ಸಂಕೋಚಪಟ್ಟು ಮಠಕ್ಕೆ ಬರುವುದನ್ನೇ ನಿಲ್ಲಿಸಿದ ಹಿರಿಯರಿದ್ದಾರೆ. ಯಥಾಶಕ್ತಿ ಎಂಬ ಮಾತು ನಮ್ಮ ಆಚರಣೆಗಳಲ್ಲೇ ಇದೆಯಲ್ಲವೇ? ಕುರ್ಚಿಯಲ್ಲಿ ಕುಳಿತಾದರೂ ಬನ್ನಿ. ಮನೆಯಲ್ಲಿ ನಮಸ್ಕಾರದ ಅಭ್ಯಾಸವನ್ನು ಮೆಲ್ಲನೆ ಮತ್ತೆ ಆರಂಭಿಸುವವರು, ಏಳುವಾಗ ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಗಟ್ಟಿಯಾದ ಆಸರೆ ಹಿಡಿದು ಏಳಿರಿ. ನೋವು ಪೂರ್ತಿ ಹೋದ ಮೇಲೆ ಬದುಕೋಣವೆಂದು ಕಾಯುತ್ತ ಕುಳಿತರೆ ಬದುಕೇ ಕಳೆದುಹೋದೀತು. ಬದುಕಿನ ಕೆಲಸಗಳಿಗೆ ಒಂದೊಂದಾಗಿ ಮರಳುತ್ತ ಹೋದರೆ, ಬಹಳಷ್ಟು ಜನರಲ್ಲಿ ನೋವು ತಾನೇ ಹಿಂದೆ ಸರಿಯುತ್ತದೆ. ಸರಿಯದಿದ್ದರೂ ಅದು ಮನೆಯ ಯಜಮಾನನಾಗಿ ಉಳಿಯುವುದಿಲ್ಲ.