ಅಬ್ಬಿಯ ದಬ್ಬೆ ಮತ್ತು ಮನೆಯ ಮಕ್ಕಳು



ಮಲೆನಾಡಿನ ಅನೇಕ ಮನೆಗಳಲ್ಲಿ ಒಂದು ತಲೆಮಾರಿನ ಹಿಂದೆ ಎಂಟು-ಹತ್ತು ವರ್ಷದ ಮಗುವಿಗೆ ಒಪ್ಪಿಸುತ್ತಿದ್ದ ಕೆಲಸವೊಂದಿತ್ತು. ಗುಡ್ಡದ ಅಬ್ಬಿಯಿಂದ ಅಡಿಕೆ ಮರದ ದಬ್ಬೆಗಳಲ್ಲಿ ಹರಿದು ಅಂಗಳಕ್ಕೆ ಬೀಳುವ ನೀರು ಬೆಳಗ್ಗೆ ಸಣ್ಣಗಾಯಿತೆಂದರೆ, "ದಬ್ಬೆಗೆ ಎಲೆ ಕಟ್ಟಿದೆ, ನೋಡಿ ಬಾ ಮಗಾ" ಎಂದು ಅಜ್ಜಿ ಕಳುಹಿಸುತ್ತಿದ್ದಳು. ಮಗು ದಬ್ಬೆಯ ಸಾಲು ಹಿಡಿದು ಮೇಲೇರಿ, ತರಗೆಲೆ ತೆಗೆದು, ಜಾರಿದ ದಬ್ಬೆಯನ್ನು ಕವೆಗೋಲಿನ ಮೇಲೆ ಮತ್ತೆ ಕೂರಿಸಿ ಬರುತ್ತಿತ್ತು. ಅರ್ಧ ತಾಸಿನ ಕೆಲಸ. ಆದರೆ ಶಿವರಾತ್ರಿಯ ಹೊತ್ತಿಗೆ ನೀರು ಎಷ್ಟು ಇಳಿಯುತ್ತದೆ, ಅಬ್ಬಿಯ ನೆತ್ತಿಯ ಮೇಲೆ ಯಾವ ಮರಗಳಿವೆ, ಹೋದ ವರ್ಷ ಇದ್ದ ಯಾವ ಮರ ಈ ವರ್ಷ ಇಲ್ಲ, ಇದೆಲ್ಲ ಆ ಮಗುವಿಗೆ ಗೊತ್ತಿರುತ್ತಿತ್ತು. ಯಾರೂ ಅದಕ್ಕೆ ಪಾಠ ಹೇಳಿರಲಿಲ್ಲ.

ಅನಂತರ ಪೈಪು ಬಂತು, ಪಂಪು ಬಂತು, ಕೊಳವೆಬಾವಿ ಬಂತು. ನಲ್ಲಿ ಬಂದುದಕ್ಕೆ ವಿಷಾದಪಡಬೇಕಾಗಿಲ್ಲ. ಕೊಡ ಹೊತ್ತು ಏರು ಹತ್ತಿದ ತಾಯಂದಿರಿಗೆ ಅದರ ಬೆಲೆ ಗೊತ್ತು. ಆದರೆ ಅಬ್ಬಿಯ ಕಡೆಗೆ ನಡೆಯುವ ಕಾಲುಗಳೂ ನಿಂತುಹೋದವು. ಈಗ ನೀರು ಬತ್ತಿದ ಸುದ್ದಿ ಟ್ಯಾಂಕು ಬರಿದಾದ ಮೇಲೆ ಮನೆಗೆ ತಿಳಿಯುತ್ತದೆ.

ಕಾಡಿನ ಅಂಚಿನಲ್ಲಿ ಮಕ್ಕಳ ಕಣ್ಣಿರುವುದು ಸಣ್ಣ ಮಾತಲ್ಲ. 1974ರ ಮಾರ್ಚ್ 26ರಂದು ಹಿಮಾಲಯದ ರೇಣಿ ಗ್ರಾಮದ ಗಂಡಸರು ಊರಲ್ಲಿರಲಿಲ್ಲ. ಮರ ಕಡಿಯುವವರು ಕಾಡಿನತ್ತ ಸಾಗುವುದನ್ನು ಕಂಡು ಗೌರಾದೇವಿಗೆ ಸುದ್ದಿ ಮುಟ್ಟಿಸಿದವಳು ಊರಿನ ಒಬ್ಬ ಹುಡುಗಿ. ಹೆಂಗಸರು ಕಾಡಿಗೆ ಹೋಗಿ ಮರಗಳನ್ನು ಉಳಿಸಿಕೊಂಡದ್ದು ಆಮೇಲಿನ ಮಾತು.

ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕುವುದೂ ಮಕ್ಕಳ ಪಾಲಿನ ಕೆಲಸವಾಗಿತ್ತು. ಮರದಡಿ ಬಿದ್ದುದನ್ನಷ್ಟೇ ಅವರು ಬುಟ್ಟಿಗೆ ತುಂಬುತ್ತಿದ್ದರು. ಒಣ ಸಿಪ್ಪೆಗೆ ಬೆಲೆ ಏರಿದಾಗ, ಹಣ್ಣಾಗುವ ಮೊದಲೇ ಕೊಂಬೆ ಸಹಿತ ಕಡಿದು ತಂದವರು ದೊಡ್ಡವರು, ಮಕ್ಕಳಲ್ಲ.

ಹಾಗೆಂದು ಹಿಂದಿನದೆಲ್ಲವೂ ಒಳ್ಳೆಯದೆನ್ನಲಾಗದು. ಹುಡುಗನಿಗೆ ದನ ಹೊಡೆದುಕೊಂಡು ಹೋಗುವ ಕೆಲಸ ಸಿಕ್ಕರೆ, ಹುಡುಗಿಗೆ ನೀರು, ಸೌದೆ, ಮುಸುರೆ, ತಮ್ಮನನ್ನು ಎತ್ತಿಕೊಳ್ಳುವುದು ಎಲ್ಲವೂ ಬಂತು. ಶಾಲೆ ಬಿಟ್ಟವಳೂ ಅವಳೇ. 1980ರ ದಶಕದಲ್ಲಿ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆ ಹೊಗೆಯನ್ನೂ ಸೌದೆಯ ಹೊರೆಯನ್ನೂ ಕಡಿಮೆ ಮಾಡಿತು, ಆದರೆ ಕೆಲಸದ ಹಂಚಿಕೆಯನ್ನು ಬದಲಿಸಲಿಲ್ಲ. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿಯೂ ಶಾಲೆ ಬಿಟ್ಟ ಮೇಲೆ ಮಕ್ಕಳು ಮನೆಗೆ ನೆರವಾಗುವುದನ್ನು ತಡೆಯುವುದಿಲ್ಲ; ಓದಿಗೆ ಅಡ್ಡಿಯಾಗಬಾರದು, ಅಪಾಯದ ಕೆಲಸವಾಗಿರಬಾರದು ಎನ್ನುತ್ತದೆ.

ಅಪಾಯವೆಂದಾಗ ಮಲೆನಾಡಿನವರು ಮೊದಲು ನೆನೆಯಬೇಕಾದದ್ದು ಮಂಗನ ಕಾಯಿಲೆಯನ್ನು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಉಣುಗಿನ ಕಡಿತದಿಂದ ತಗಲುತ್ತದೆ. ನವೆಂಬರಿನಿಂದ ಮೇವರೆಗೆ ಅದರ ಕಾಲ. ಕೊಟ್ಟಿಗೆಗೆ ತರಗೆಲೆ ಗುಡಿಸಿ ತರುವ ಕಾಲವೂ ಅದೇ. ಒಣಗಿದ ಎಲೆಯೊಂದಿಗೆ ಉಣುಗೂ ಕೊಟ್ಟಿಗೆಗೆ ಬರುತ್ತದೆ. ಕಾಯಿಲೆಯ ಸುದ್ದಿಯಿರುವ ಊರುಗಳಲ್ಲಿ ಆ ತಿಂಗಳುಗಳಲ್ಲಿ ಮಕ್ಕಳನ್ನು ಎಲೆ ತರಲು ಕಳುಹಿಸುವುದು ಬೇಡ. ಅಬ್ಬಿಯ ದಾರಿಯೂ ಆಗ ದೊಡ್ಡವರದ್ದೇ, ಅದೂ ಮೈಗೆ ಎಣ್ಣೆ ಸವರಿಕೊಂಡು, ಮೈತುಂಬ ಬಟ್ಟೆ ತೊಟ್ಟು.

ಆದರೂ ಮಕ್ಕಳಿಗೆ ಅಬ್ಬಿಯ ನಂಟು ಉಳಿಸುವ ಕೆಲಸ ಮನೆಯಲ್ಲಿಯೇ ಇದೆ. ಅಬ್ಬಿ ನೀರು ಇನ್ನೂ ಬೀಳುವ ಅಂಗಳದಲ್ಲಿ ಪ್ರತಿ ಭಾನುವಾರ ಒಂದೇ ಕೊಡವನ್ನು ನೀರಿಗೆ ಹಿಡಿದು, ತುಂಬಲು ಎಷ್ಟು ನಿಮಿಷ ಬೇಕಾಯಿತೆಂದು ನೋಟುಬುಕ್ಕಿನಲ್ಲಿ ಬರೆದಿಡಲಿ. ಒಂದು ವಾರ ಅಣ್ಣ, ಮರುವಾರ ತಂಗಿ. ಹೊತ್ತು ಹೆಚ್ಚಾಗುತ್ತಾ ಹೋದರೆ ಆ ಪುಸ್ತಕವನ್ನು ಗ್ರಾಮಸಭೆಗೆ ತರಲಿ.