ಬ್ಯಾಂಕಿನ ಬಾಗಿಲು ಮತ್ತು ನಮ್ಮ ಲೆಕ್ಕದ ಪುಸ್ತಕ



ನಮ್ಮ ಗುರಪ್ಪನಪಾಳ್ಯ, ತಿಲಕ್‌ನಗರಗಳಲ್ಲಿ ಕೈಕೆಲಸ ಬಲ್ಲ ಯುವಕರಿಗೆ ಕೊರತೆಯಿಲ್ಲ. ಆದರೆ ಸ್ವಂತ ಅಂಗಡಿಗೆಂದು ಸಾಲ ಕೇಳಲು ಹೋದವನು "ಅಡಮಾನಕ್ಕೆ ಏನಿದೆ?" ಎಂಬ ಪ್ರಶ್ನೆಗೇ ಹೆದರಿ ಹಿಂದಿರುಗುತ್ತಾನೆ, ಕೊನೆಗೆ ಮೀಟರ್ ಬಡ್ಡಿಯವರ ಕೈಗೆ ಸಿಕ್ಕಿಬೀಳುತ್ತಾನೆ.

ನಿಮಗೆ ತಿಳಿದಿರಲಿ, ಕಿರು ಮತ್ತು ಸಣ್ಣ ಉದ್ಯಮಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ 'ಶಿಶು' ಸಾಲ 50,000, 'ಕಿಶೋರ' 5 ಲಕ್ಷ, 'ತರುಣ' 10 ಲಕ್ಷ ರೂಪಾಯಿವರೆಗೆ ಇದೆ.

ಹಾಗಾದರೆ ಅರ್ಜಿಗಳು ತಿರಸ್ಕೃತವಾಗುವುದೇಕೆ? ಅಡಮಾನ ಬೇಡವೆಂದರೆ ದಾಖಲೆ ಬೇಡವೆಂದಲ್ಲ. ನಮ್ಮ ವ್ಯಾಪಾರ ಹೆಚ್ಚಾಗಿ ನಗದಿನಲ್ಲಿ, ಬಾಯಿಮಾತಿನಲ್ಲಿ ನಡೆಯುತ್ತದೆ. ಮ್ಯಾನೇಜರಿಗೆ ಕಾಣುವುದು ಖಾತೆಯಲ್ಲಿರುವುದು ಮಾತ್ರ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್‌ನ ಅಲ್‌ಬಕರ ಅಧ್ಯಾಯದ 282ನೇ ವಚನ ಆದೇಶಿಸುತ್ತದೆ. ಆ ಪಾಠವನ್ನು ನಾವೇ ಮರೆತಿದ್ದೇವೆ.

ಬಡ್ಡಿಯ ಬಗ್ಗೆ ಅಳುಕಿರುವವರು ಉಲೆಮಾಗಳನ್ನು ಕೇಳಿ ತೀರ್ಮಾನಿಸಲಿ. ಲಾಭ-ನಷ್ಟದ ಪಾಲುದಾರಿಕೆಗೂ ಲೆಕ್ಕವೇ ಆಧಾರ.

ಆದ್ದರಿಂದ ವಿದ್ಯಾರ್ಥಿಗಳೇ, ಇಂದೇ ನಿಮ್ಮ ತಂದೆಯವರ ಅಂಗಡಿಯ ಲೆಕ್ಕ ಬರೆಯಲು ಕುಳಿತುಕೊಳ್ಳಿ. ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಸಿ, ದಿನದ ಹಣವನ್ನು ಅದರಲ್ಲೇ ಕಟ್ಟಿಸಿ. 2020ರಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ; ಮಧ್ಯವರ್ತಿಗೆ ಹಣ ಕೊಡಬೇಡಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ನೀವು ಕಲಿತ ಅಕ್ಷರ ಮೊದಲು ಮನೆಯ ಅಂಗಡಿಗೆ ಉಪಯೋಗವಾಗಲಿ.