ಕೂಲಿ: ದುಡ್ಡಿನ ಹೆಸರೋ, ಮನುಷ್ಯನ ಹೆಸರೋ?

(ಮಂದ್ರೂಪದ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಹೋದ ಸುಗ್ಗಿಯಲ್ಲಿ ಒಬ್ಬ ತಾಯಿಯ ಬಾಕಿ ಪಗಾರ ಕೇಳಲು ನಾವು ಗುತ್ತೇದಾರರೊಬ್ಬರ ಬಳಿಗೆ ಹೋಗಿದ್ದೆವು. ಅವರು ವಹಿ ತೆರೆದು ತೋರಿಸಿದರು. 'ಕೂಲಿ 12' ಎಂದಷ್ಟೇ ಬರೆದಿತ್ತು. ಹನ್ನೆರಡು ಜನರಲ್ಲಿ ಒಬ್ಬರ ಹೆಸರೂ ಇರಲಿಲ್ಲ. "ಈಕೆ ದುಡಿದದ್ದಕ್ಕೆ ಗುರುತೇನು?" ಎಂದು ಅವರೇ ನಮ್ಮನ್ನು ಕೇಳಿದರು. ನಾವು ಬರಿಗೈಯಲ್ಲಿ ಮರಳಿದೆವು. ಅಂದಿನಿಂದ ಈ ಮಾತು ನಮ್ಮನ್ನು ಕಾಡುತ್ತಿದೆ.

ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಕೂಲಿ ಎಂದರೆ ದುಡಿಮೆಗೆ ಸಲ್ಲುವ ಹಣ. ಅದು ಮನುಷ್ಯನ ಹೆಸರಲ್ಲ, ಅವನಿಗೆ ಬರಬೇಕಾದ ಹಕ್ಕಿನ ಹೆಸರು. ಪರದೇಶದ ವರ್ತಕರ ಬಾಯಿಗೆ ಬಿದ್ದ ಮೇಲೆ, ಇಂಗ್ಲಿಷಿನಲ್ಲಿ ಹೊರೆ ಹೊರುವ ಆಳಿಗೇ 'ಕೂಲಿ' ಎಂಬ ಹೆಸರಾಯಿತು. ಗುಜರಾತಿನ ಕೋಲಿ ಜನಾಂಗದ ಹೆಸರಿನಿಂದ ಬಂದಿತೆನ್ನುವ ಪಂಡಿತರೂ ಇದ್ದಾರೆ, ಎರಡೂ ಕೂಡಿಕೊಂಡಿರಬಹುದು. ಹೇಗೇ ಇರಲಿ, ಹಣದ ಅರ್ಥ ಕಳಚಿಬಿತ್ತು, ಆಳು ಮಾತ್ರ ಉಳಿದ.

1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದರು. ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ನಮ್ಮ ಬಡವರನ್ನು ಕರಾರಿನ ಮೇಲೆ ಮಾರಿಷಸ್ಸಿಗೂ, 1860ರಿಂದ ನೆಟಾಲಿಗೂ ಹಡಗಿನಲ್ಲಿ ಸಾಗಿಸಿದರು. ಎಲ್ಲರಿಗೂ ಒಂದೇ ಹೆಸರು: ಕೂಲಿ. ಚೀನೀಯರು ಇದೇ ಮಾತನ್ನು 'ಕಹಿ', 'ಬಲ' ಎಂಬ ಅರ್ಥದ ಎರಡು ಅಕ್ಷರಗಳಲ್ಲಿ ಬರೆದುಕೊಂಡರು. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಗಾಂಧೀಜಿಯವರು 'ಕೂಲಿ ಬ್ಯಾರಿಸ್ಟರ್' ಎನ್ನಿಸಿಕೊಂಡರು. ಕರಾರಿನ ಸಾಗಣೆ 1917ರಲ್ಲಿ ನಿಂತಿತು, ಮಾತು ನಿಲ್ಲಲಿಲ್ಲ. ಇಂದಿಗೂ ಆ ದೇಶದಲ್ಲಿ ಅದು ಬೈಗಳೇ.

2016ರ ರೈಲ್ವೆ ಬಜೆಟ್ಟಿನಲ್ಲಿ ನಿಲ್ದಾಣದ ಕೂಲಿಗಳನ್ನು 'ಸಹಾಯಕ'ರೆಂದು ಕರೆಯಬೇಕೆಂದು ಸಾರಿದರು. ಒಳ್ಳೆಯದೇ. ಆದರೆ ಹೆಸರು ಬದಲಾದ ಮಾತ್ರಕ್ಕೆ ತಲೆಯ ಹೊರೆ ಇಳಿಯುವುದಿಲ್ಲ. ಮಹಾರಾಷ್ಟ್ರದ 1969ರ ಮಾಥಾಡಿ ಹಮಾಲರ ಕಾಯದೆ ಬೇರೆ ದಾರಿ ಹಿಡಿಯಿತು: ಹಮಾಲನ ಹೆಸರು ಮಂಡಳಿಯಲ್ಲಿ ದಾಖಲಾಗಬೇಕು, ಪಗಾರವೂ ಮಂಡಳಿಯ ಮೂಲಕವೇ ಬರಬೇಕು. ಹೆಸರೂ ಹಣವೂ ಒಂದೇ ಸಾಲಿನಲ್ಲಿ ಬಂದವು.

ದ್ರಾಕ್ಷಿತೋಟದ ಸಾಮತಿ ನಮಗೆಲ್ಲ ಗೊತ್ತು. ಕಡೆಗೆ ಬಂದವನಿಗೂ ಯಜಮಾನನು ಆ ಸಂಜೆಯೇ ಕೂಲಿ ಕೊಡಿಸಿದನು. ಅಲ್ಲಿ ಕೂಲಿ ಮರ್ಯಾದೆಯ ಮಾತು. ನಾವು ಅದಕ್ಕೆ ನಾಚಬೇಕಾಗಿಲ್ಲ. ಅದನ್ನು ಮರಳಿ ಅದರ ಜಾಗದಲ್ಲಿ ಇಡಬೇಕು.

ಆದ್ದರಿಂದ ನಾಳೆ ಕೆಲಸಕ್ಕೆ ಹೋದಾಗ ಮುಕಾದಮರನ್ನು ಕೇಳಿರಿ: "ಅಣ್ಣಾ, ವಹಿಯಲ್ಲಿ ನಮ್ಮ ಹೆಸರು ಬರೆಯಿರಿ, ಅದರ ಮುಂದೆ ಕೂಲಿ ಬರೆಯಿರಿ." ಓದಲು ಬಾರದವರು ಮಕ್ಕಳ ಕೈಯಿಂದ ಮನೆಯಲ್ಲೊಂದು ಹಾಜರಿ ಬರೆಸಿಡಿರಿ. ಆ ತಾಯಿಗೆ ಅಂಥದೊಂದು ಹಾಳೆ ಇದ್ದಿದ್ದರೆ ನಾವು ಬರಿಗೈಯಲ್ಲಿ ಬರುತ್ತಿರಲಿಲ್ಲ.